ತನಿ ಶುರುವಾದಾಗ ಎದ್ದವನು

ಮೃದಂಗದ ಮೇಲೆ ಮೊದಲ ಪೆಟ್ಟು ಬಿದ್ದದ್ದೇ ತಡ, ಸಭಾಂಗಣದ ಅರ್ಧ ಜನ ಎದ್ದು ನಿಂತರು. ಎಲ್ಲೋ ಬೆಂಕಿ ಬಿತ್ತೇನೋ ಎಂದು ನಾನು ಹಿಂದೆ ತಿರುಗಿ ನೋಡಿದೆ. ಹಾಗೇನೂ ಇರಲಿಲ್ಲ. ರೇಷ್ಮೆ ಸೀರೆಯ ಹೆಂಗಸರು, ಅಂಗವಸ್ತ್ರ ಸರಿಪಡಿಸಿಕೊಳ್ಳುತ್ತಿದ್ದ ಹಿರಿಯರು ಯಾವ ಗಡಿಬಿಡಿಯೂ ಇಲ್ಲದೆ ಬಾಗಿಲ ಕಡೆ ನಡೆದರು. ವೇದಿಕೆಯಲ್ಲಿ ಗಾಯಕಿ ಹಾಡು ನಿಲ್ಲಿಸಿ ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ಮೃದಂಗದವರು ಒಬ್ಬರೇ ನುಡಿಸುತ್ತಿದ್ದರು. ಏನಾಯಿತು ಎಂದು ಪಕ್ಕದವರನ್ನು ಕೇಳಿದರೆ “ತನಿ” ಎಂದಷ್ಟೇ ಹೇಳಿ ಅವರೂ ಎದ್ದರು. ತನಿ ಆವರ್ತನ ಎಂದರೆ ಸಂಗೀತ ಕಚೇರಿಯಲ್ಲಿ ಮೃದಂಗಕ್ಕೆಂದೇ ಬಿಟ್ಟುಕೊಡುವ ಹೊತ್ತು. ಕ್ಯಾಂಟೀನಿನಲ್ಲಿ ಕಾಶಿ ಹಲ್ವಾ ಬಿಸಿಯಾಗಿ ಸಿಗುವ ಹೊತ್ತೂ ಅದೇ ಎಂದು ಆಮೇಲೆ ತಿಳಿಯಿತು.

ನಾನು ತಬಲಾ ಬಾರಿಸುವವನು. ನರಗುಂದದಲ್ಲಿ ಹುಟ್ಟಿದವನು, ಬದುಕಿನಲ್ಲಿ ಬೇರೆ ಕೆಲಸ ಮಾಡಿಲ್ಲ, ಮಾಡಲು ಬರುವುದೂ ಇಲ್ಲ. ನಮ್ಮ ಕಡೆ ತಬಲಾ ಸೋಲೋ ಎಂದರೆ ಬೀಡಿ ಸೇದಲು ಹೊರಗೆ ಹೋದವರೂ ಒಳಗೆ ಬಂದು ಕೂಡುತ್ತಾರೆ. ಇಲ್ಲಿ ಒಳಗಿದ್ದವರು ಹೊರಗೆ ಹೋಗುತ್ತಾರೆ. ಆ ಸಂಜೆ ಖಾಲಿ ಕುರ್ಚಿಗಳ ನಡುವೆ ಕೂತು, ಈ ಊರಿಗೆ ಯಾಕಾದರೂ ಬಂದೆನೋ ಎಂದುಕೊಂಡೆ.

ಬಂದದ್ದು ಹೆಂಡತಿಗೆ ಬ್ಯಾಂಕಿನಲ್ಲಿ ವರ್ಗವಾಗಿದ್ದರಿಂದ. ಚೆನ್ನೈಯ ವೆಸ್ಟ್ ಮಾಂಬಲಂನ ಗಲ್ಲಿಗಳಲ್ಲಿ ಮನೆ ಹುಡುಕುವಾಗ, ತಬಲಾ ಎಂಬ ಮಾತು ಬಾಯಿಂದ ಬಿದ್ದ ಕೂಡಲೇ ಖಾಲಿ ಇದ್ದ ಮನೆಯೂ ಭರ್ತಿಯಾಗಿಬಿಡುತ್ತಿತ್ತು. ಕಡೆಗೆ ಒಬ್ಬ ಮುದುಕರು, ಸದ್ದಿನಿಂದ ತಮಗೇನೂ ತೊಂದರೆಯಿಲ್ಲ, ತಾವೂ ಸದ್ದು ಮಾಡುವವರೇ ಎಂದು ನಗುತ್ತ ಮಹಡಿಯ ಮನೆ ಕೊಟ್ಟರು. ಅವರೇ ಸೇತುಮಾಧವ ರಾಯರು, ಮೃದಂಗ ವಿದ್ವಾಂಸರು. ಅವರ ತಾತನ ಕಾಲಕ್ಕೂ ಹಿಂದೆ ಕರ್ನಾಟಕ ಬಿಟ್ಟ ಮನೆತನ. ಮನೆಮಾತು ಕನ್ನಡವೇ, ಆದರೆ ಅರ್ಧ ತಮಿಳು. ನನ್ನ ‘ಹೌದ್ರಿ, ಬರ್ತೇನ್ರಿ’ ಕೇಳಿದರೆ ರಾಯರ ಹೆಂಡತಿ, ಎಲ್ಲರ ಬಾಯಲ್ಲಿ ಮಾಮಿ, ಸೆರಗು ಬಾಯಿಗಿಟ್ಟು ನಗುತ್ತಿದ್ದರು. ಅವರು ‘ಸಾಪಾಟ್ ಆಯ್ತಾ’ ಎಂದರೆ ಊಟವಾಯಿತೇ ಎಂದು ನನಗೆ ಹೊಳೆಯಲು ಬಹಳ ದಿನ ಹಿಡಿಯಿತು. ಮೊಮ್ಮಕ್ಕಳಿಗೆ ನಾವು ಆಡಿದ್ದೆಲ್ಲ ತಿಳಿಯುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ.

ಊರಿನಲ್ಲಿ ನಾನು ತಬಲಾ ಸರ್. ಇಲ್ಲಿ ತರಕಾರಿ ಅಂಗಡಿಯವನ ಲೆಕ್ಕದಲ್ಲಿ ಬ್ಯಾಂಕ್ ಮೇಡಂ ಗಂಡ. ಹಗಲೆಲ್ಲ ಒಬ್ಬನೇ ರಿಯಾಜ್ ಮಾಡಿ, ಊರಿಂದ ತಂದ ಒಣರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿಕೊಂಡು ತಿಂದು, ಗೋಡೆ ನೋಡುತ್ತ ಕೂಡುತ್ತಿದ್ದೆ. ಮುಂದೆ ಪೋರೂರಿನ ಕಡೆಯ ಉತ್ತರ ಭಾರತದ ಕೆಲವು ಮನೆಗಳಿಂದ ಮಕ್ಕಳು ಪಾಠಕ್ಕೆ ಬಂದರು. ಆಟೋದವನ ಜೊತೆ ತಮಿಳಿನಲ್ಲಿ ಜಗಳವಾಡಿ ಗೆದ್ದ ದಿನ ಹೆಂಡತಿಗೆ ಆಫೀಸಿಗೇ ಫೋನು ಮಾಡಿ ಹೇಳಿದೆ.

ರಾಯರಿಗೆ ವಯಸ್ಸಾಗಿತ್ತು. ಒಂದು ಕಾಲದಲ್ಲಿ ದೊಡ್ಡ ದೊಡ್ಡವರಿಗೆ ನುಡಿಸಿದವರು, ಈಗ ಹೊಸದಾಗಿ ಹಾಡುವ ಹುಡುಗ ಹುಡುಗಿಯರಿಗೆ ಸಣ್ಣ ಸಭೆಗಳಲ್ಲಿ ನುಡಿಸುತ್ತಿದ್ದರು. ಒಮ್ಮೆ ತಮ್ಮ ಕಚೇರಿಗೆ ಕರೆದರು. ನನಗೆ ನಿಮ್ಮ ತಾಳದ ಲೆಕ್ಕ ತಿಳಿಯದು, ಬಂದು ಏನು ಮಾಡಲಿ ಎಂದೆ.

“ತಿಳಿಯೋದು ಬೇಡ ಸಾರ್. ತನಿ ಬಂತೂಂದ್ರೆ ನಾನು ಮೊದಲು ಬಾಗಿಲು ನೋಡ್ತೇನೆ, ಆಮೇಲೆ ತಾಳ. ನೀವು ಎದುರಿಗೆ ಕೂತಿರಿ. ಅಷ್ಟು ಪೋದುಂ.”

ಪೋದುಂ ಎಂದರೆ ಸಾಕು. ಅಂದಿನಿಂದ ಅವರ ಕಚೇರಿಗಳಲ್ಲಿ ಮುಂದಿನ ಸಾಲಿನಲ್ಲಿ ನಾನಿರುತ್ತಿದ್ದೆ. ಜನ ಏಳುವಾಗ ಕಾಲ ಮೇಲೆ ಕಾಲು ಹಾಕಿಕೊಂಡು ಜಗ್ಗದೆ ಕೂಡುತ್ತಿದ್ದೆ. ಆಮೇಲೆ ಊರಿಗೆ ಫೋನು ಮಾಡಿ, ಮದ್ರಾಸಿನವರಿಗೆ ಕಿವಿಗಿಂತ ಹೊಟ್ಟೆ ದೊಡ್ಡದು ಎಂದು ಹೇಳಿ ನಗುತ್ತಿದ್ದೆ.

ಆದರೆ ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಮಾರ್ಗಳಿ, ಅಂದರೆ ನಮ್ಮ ಧನುರ್ಮಾಸದ ಸುಮಾರಿಗೆ ಇಲ್ಲಿ ದಿನಬೆಳಗಾದರೆ ಕಚೇರಿ. ಒಂದು ದಿನ ಬೇರೆ ಯಾರದೋ ತನಿಯಲ್ಲಿ, ಹಲ್ವಾ ಮುಗಿದುಹೋದೀತು ಎಂದು ಹೆಂಡತಿಯ ಸಹೋದ್ಯೋಗಿ ಕೈ ಹಿಡಿದು ಎಬ್ಬಿಸಿದರು. ಕಳ್ಳನ ಹಾಗೆ ಹೋದೆ. ಎರಡನೆಯ ಸಲ ಯಾರೂ ಎಬ್ಬಿಸಬೇಕಾಗಲಿಲ್ಲ. ರಾಯರದ್ದೊಂದು ಬಿಟ್ಟು ಉಳಿದವರ ತನಿಗೆಲ್ಲ ಏಳತೊಡಗಿದೆ. ಏಳುತ್ತಿದ್ದೇನೆ ಎಂಬುದೂ ಮರೆತುಹೋಯಿತು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ನನ್ನದು ಒಂದು ಲೋಟ ಕಾಫಿಗೆ ಹೋಯಿತು.

ಈ ಸಲ ಗುರುಗಳ ಪುಣ್ಯಸ್ಮರಣೆಗೆ ನರಗುಂದಕ್ಕೆ ಹೋಗಿದ್ದೆ. ನಾನು ಊರು ಬಿಟ್ಟ ಮೇಲೆ ನನ್ನ ತಬಲಾ ಕ್ಲಾಸು ನಡೆಸುತ್ತಿರುವವಳು ನನ್ನ ಶಿಷ್ಯೆ ಭಾಗ್ಯಶ್ರೀ. ಅಂದು ಊರಿನವರ ಮುಂದೆ ಅವಳ ಮೊದಲ ಸೋಲೋ. ಹೆಣ್ಣುಮಗಳು ಡಗ್ಗಾ ಬಾರಿಸುತ್ತ ಕೂಡುವುದು ಚೆಂದವಲ್ಲ ಎಂದು ಅವಳ ತಂದೆ ಈರಪ್ಪನವರು ಮೊದಲಿನಿಂದಲೂ ಮುನಿಸಿಕೊಂಡಿದ್ದರು. ಅವಳು ನುಡಿಸುವುದನ್ನು ಎಂದೂ ಕೂತು ಕೇಳಿದವರಲ್ಲ. ನಾನೇ ಅವರ ಅಡತಿ ಅಂಗಡಿಗೆ ಹೋಗಿ, ಕೈ ಮುಗಿದು ಕರೆತಂದು, ಮುಂದಿನ ಸಾಲಿನಲ್ಲಿ ನನ್ನ ಪಕ್ಕಕ್ಕೆ ಕೂಡಿಸಿಕೊಂಡಿದ್ದೆ.

ಅವಳಿಗಿಂತ ಮೊದಲಿದ್ದ ಹಾಡು ಮುಗಿಯಿತು. ಹಾರ್ಮೋನಿಯಂ ಲೆಹರಾ, ತಬಲಾಕ್ಕೆ ಆಸರೆಯಾಗಿ ಮರಳಿ ಮರಳಿ ಬರುವ ಧಾಟಿ, ಹಿಡಿಯಿತು. ಭಾಗ್ಯ ನನ್ನತ್ತ ನೋಡಿ ಕೈ ಮುಗಿದು ಪೇಶ್ಕಾರ ಶುರು ಮಾಡಿದಳು. ತಬಲಾ ಸೋಲೋದ ಮೊದಲ ಹೆಜ್ಜೆ ಅದು, ಮೆಲ್ಲಗೆ ನಡೆಯುತ್ತದೆ.

ನಾನು ಎದ್ದೆ.

ಚಪ್ಪಲಿಯಲ್ಲಿ ಒಂದು ಕಾಲು ಇಟ್ಟ ಮೇಲೆ ಎಚ್ಚರವಾಯಿತು. ಎದುರಿಗೆ ಕ್ಯಾಂಟೀನಿರಲಿಲ್ಲ. ನೀರಿನ ಟಾಕಿ ಇತ್ತು, ಅದಕ್ಕೆ ಆನಿಸಿಟ್ಟ ಸೈಕಲ್ಲುಗಳಿದ್ದವು. ಇಡೀ ಸಭೆಯಲ್ಲಿ ಎದ್ದವನು ನಾನೊಬ್ಬನೇ. ತಿರುಗಿ ಹೋಗಿ ಎಲ್ಲರ ಮುಂದೆ ಕೂಡುವ ಧೈರ್ಯ ಬರಲಿಲ್ಲ. ಕಂಬದ ಮರೆಯಲ್ಲಿ ನಿಂತು ಕಡೆಯವರೆಗೆ ಕೇಳಿದೆ. ತುಂಬ ಚೆನ್ನಾಗಿ ನುಡಿಸಿದಳು. ಅವಳಿಗೆ ಕಂಡದ್ದು ನನ್ನ ಖಾಲಿ ಜಾಗ. ಅಷ್ಟು ನಾಚಿಕೆ ನನ್ನ ಜನ್ಮದಲ್ಲಿ ಆಗಿರಲಿಲ್ಲ.

ಮುಗಿದ ಮೇಲೆ ಕಾಲಿಗೆ ಬಿದ್ದು ಕೇಳಿದಳು. “ಪೇಶ್ಕಾರದಾಗ ತಪ್ಪಾತೇನ್ರಿ ಸರ?”

ಇದ್ದದ್ದನ್ನು ಇದ್ದಹಾಗೆ ಹೇಳಿದೆ. ಚೆನ್ನೈಯಲ್ಲಿ ಹೀಗೆ, ಮೃದಂಗ ಒಂಟಿಯಾಯಿತೆಂದರೆ ಜನ ಕಾಫಿಗೆ ಏಳುತ್ತಾರೆ, ನನ್ನ ಕಾಲು ಅದನ್ನೇ ಕಲಿತುಬಿಟ್ಟಿದೆ ಎಂದೆ. ಅವಳು ನಗಲು ನೋಡಿದಳು.

“ಬಿಡ್ರಿ ಸರ, ನನ್ನ ಮನಸಿಗೆ ಹತ್ತಬಾರದಂತ ಹೇಳಾಕತ್ತೀರಿ. ತಪ್ಪೆಲ್ಲಿ ಅಂತ ಹೇಳ್ರಿ, ತಿದ್ಕೋತೀನಿ.” ಆಮೇಲೆ ತಲೆ ತಗ್ಗಿಸಿ ಹೇಳಿದಳು. “ಅಪ್ಪ ಅಂದ್ರು, ನಿಮ್ಮ ಸರ್ ಎದ್ದು ಹೋದ್ರು, ನಾನ ಕಡೀತನಕ ಕುಂತೆ ಅಂತ.”



ಚೆನ್ನೈಗೆ ಮರಳಿ ರಾಯರಿಗೆ ಹೇಳಿದೆ. ಮೊದಲು ಜೋರಾಗಿ ನಕ್ಕರು. “ಇನ್ನು ನೀವು ನಮ್ಮೂರೋರೇ ಆಗ್ಬಿಟ್ರಿ ಸಾರ್” ಎಂದರು. ಬಂದ ಹೊಸತರಲ್ಲಿ ಈ ಮಾತು ಕೇಳಿದ್ದರೆ ಹಿಗ್ಗುತ್ತಿದ್ದೆ. ಆಮೇಲೆ ರಾಯರು ಕೇಳಿದರು. “ಆ ಹುಡುಗಿ ಕೂತಲ್ಲಿಂದ ಬಾಗಿಲು ಕಾಣ್ತದಾ?”

ಕಾಣುತ್ತದೆ ಎಂದೆ.

ಈಗ ಯಾರ ತನಿ ಬಂದರೂ ಕುರ್ಚಿಯ ಕೈ ಹಿಡಿದು ಕೂಡುತ್ತೇನೆ. ಏಳುವವರು ನನ್ನನ್ನು ಈಗಲೂ ಹೊರಗಿನವನೆಂದೇ ನೋಡುತ್ತಾರೆ. ನರಗುಂದದಲ್ಲಿ, ಮದ್ರಾಸ್ ಸೇರಿದ ಮೇಲೆ ತಬಲಾ ಸರ್‌ಗೆ ನಮ್ಮ ಕಡೆಯ ತಬಲಾ ರುಚಿಸುವುದಿಲ್ಲ ಎಂಬ ಮಾತು ಹುಟ್ಟಿದೆಯಂತೆ. ಭಾಗ್ಯ ಆಗಾಗ ಅದೇ ಪೇಶ್ಕಾರವನ್ನು ನುಡಿಸಿ, ರೆಕಾರ್ಡ್ ಮಾಡಿ ಕಳಿಸುತ್ತಾಳೆ. ತಪ್ಪಿಲ್ಲವ್ವ ಎಂದು ಬರೆಯುತ್ತೇನೆ. ಸರ್‌ಗೆ ಇನ್ನೂ ಸಮಾಧಾನವಾಗಿಲ್ಲ ಎಂದುಕೊಂಡು ಮತ್ತೆ ಕಳಿಸುತ್ತಾಳೆ.

ಮೊನ್ನೆ ಕಳಿಸಿದ್ದರಲ್ಲಿ ನಿಜವಾಗಿಯೂ ಒಂದು ತಪ್ಪಿತ್ತು. ಸಲೀಸಾಗಿ ನಡೆಯುತ್ತಿದ್ದ ಕೈ ನಡುವೆ ಒಮ್ಮೆ ತಡವರಿಸಿ, ಲಯ ಬಿಟ್ಟು ಮತ್ತೆ ಹಿಡಿದಿತ್ತು. ಯಾಕೆಂದು ತಿಳಿಯದೆ ಇನ್ನೊಮ್ಮೆ ಹಾಕಿ ಕೇಳಿದೆ. ಕೈ ತಡವರಿಸುವ ಮುಂಚೆ ಕಿರ್ರೆಂಬ ಸದ್ದಿತ್ತು. ಅವಳ ಕೋಣೆಯಲ್ಲಿ ಯಾರೋ ಬಾಗಿಲು ತೆರೆದಿದ್ದರು.