ಪಂಪಿನೊಳಗಿನ ತೊಗಲು

ಪ್ಲೇಗಿಗೆ ಹೆದರಿ ಹೊಲದ ಗುಡಿಸಲುಗಳಿಗೆ ಹೋಗಿದ್ದ ಜನ ಊರೊಳಗಿನ ಮನೆಗಳಿಗೆ ಮರಳಿ ಬಂದ ವರ್ಷಗಳಲ್ಲಿ, ಬಾಗಲಕೋಟೆಯಲ್ಲಿ ಮಲೀಕಸಾಬ ಎಂಬ ಪಖಾಲಿಯವನಿದ್ದ. ಪಖಾಲಿ ಎಂದರೆ ಎಮ್ಮೆಯ ತೊಗಲಿನ ದೊಡ್ಡ ನೀರಿನ ಚೀಲ. ಅದನ್ನು ಕೋಣದ ಬೆನ್ನಿನ ಎರಡೂ ಮಗ್ಗುಲಿಗೆ ಇಳಿಬಿಟ್ಟು, ಘಟಪ್ರಭೆಯ ನೀರು ತುಂಬಿ ಊರಿಗೆ ತರುವುದು ಅವನ ಕೆಲಸ. ಮುನಸಿಪಾಲ್ಟಿಯ ಪರವಾಗಿ ಬಜಾರದ ಧೂಳಿಗೆ ನೀರು ಹೊಡೆಯುತ್ತಿದ್ದ, ಮಸೀದಿಯಲ್ಲಿ ಕೈಕಾಲು ತೊಳೆಯುವ ಹೌದಿನ ತೊಟ್ಟಿ ತುಂಬಿಸುತ್ತಿದ್ದ, ತನ್ನ ಓಣಿಯ ಮನೆಗಳಿಗೆ ಕುಡಿಯಲು ಹಾಕುತ್ತಿದ್ದ. ಲಿಂಗಾಯತರ, ಬ್ರಾಹ್ಮಣರ ಮನೆಗಳಲ್ಲಿ ಮಾತ್ರ ತೊಗಲಿನ ನೀರು ಹಿತ್ತಲ ಬಾಗಿಲನ್ನು ದಾಟಿ ಒಳಗೆ ಹೋಗುತ್ತಿರಲಿಲ್ಲ. ಬಾಳೆಗಿಡದ ಬುಡಕ್ಕೆ, ದನ ನೀರು ಕುಡಿಯುವ ಬಾನಿಗೆ, ಅಷ್ಟೆ.

ಇದರಿಂದ ಅವನಿಗೆ ಬೇಸರವೇನೂ ಇರಲಿಲ್ಲ. ಪಖಾಲಿಯವರೆಲ್ಲರಿಗೂ ಅದೇ ರೀತಿ ನಡೆದಿತ್ತು. ಎಲ್ಲರಿಗೂ ಒಂದೇ ಇರುವುದರ ಮೇಲೆ ಹೊಟ್ಟೆಕಿಚ್ಚು ಹುಟ್ಟುವುದಿಲ್ಲ.

ಅವನಿಗೆ ಹೆಮ್ಮೆಯಿದ್ದದ್ದು ತನ್ನ ಕೈಯ ಮೇಲೆ. ತೊಗಲನ್ನು ತಾನೇ ಆರಿಸಿ, ತಾನೇ ಕತ್ತರಿಸಿ, ಆರಿಯಿಂದ ತೂತು ಹಾಕಿ ಹೊಲಿಯುತ್ತಿದ್ದ. ಹುನಗುಂದ, ಇಳಕಲ್ಲಿನ ಪಖಾಲಿಯವರು ಕೂಡ ಹರಿದ ಚೀಲಗಳನ್ನು ಗಾಡಿಯಲ್ಲಿ ಹಾಕಿಕೊಂಡು ಅವನ ಮನೆಗೆ ಬರುತ್ತಿದ್ದರು.

ಆಮೇಲೆ ಮುನಸಿಪಾಲ್ಟಿ ಪೇಟೆಯ ನಡುವಿನ ಬಾವಿಗೆ ಕಲ್ಲುಹಾಸು ಮುಚ್ಚಿ, ಅದರ ಮೇಲೆ ಕಬ್ಬಿಣದ ಪಂಪು ಕೂರಿಸಿತು. ತೆರೆದ ಬಾವಿಗೆ ಹತ್ತು ಜನರ ಕೊಡ, ಹಗ್ಗ ಇಳಿದರೆ ರೋಗ ಹರಡುತ್ತದೆ ಎಂಬುದು ಸರಕಾರದ ಹೊಸ ತಿಳಿವಳಿಕೆಯಾಗಿತ್ತು. ಅದು ಸರಿಯೂ ಆಗಿತ್ತು. ಪಂಪು ಹೊಡೆದು ಪಾಳಿಯಲ್ಲಿ ನಿಂತವರ ಕೊಡ ತುಂಬಿಸಲು ಒಬ್ಬ ಮನುಷ್ಯ ಬೇಕಾಗಿದ್ದ. ಮಲೀಕಸಾಬ ಹೋಗಿ ಕೇಳಿದ. ಅವನ ಷಡ್ಡಕ ಚಾಂದಸಾಬನೂ ಹೋಗಿ ಕೇಳಿದ. ಇಬ್ಬರ ಹೆಂಡಂದಿರು ಒಡಹುಟ್ಟಿದ ಅಕ್ಕತಂಗಿಯರು, ಇಬ್ಬರೂ ಪಖಾಲಿಯವರು. ಓವರ್ಸಿಯರ್ ಸಾಹೇಬರು ಇಬ್ಬರನ್ನೂ ಪೇಟೆಯಲ್ಲಿ ನಿಲ್ಲಿಸಿ ಸ್ವಲ್ಪ ಹೊತ್ತು ಮಾತಾಡಿಸಿದರು. ಪಾಳಿಯಲ್ಲಿ ಜಗಳಾಡುವ ಹೆಣ್ಣುಮಕ್ಕಳ ನಡುವೆ ಸಿಟ್ಟಿಲ್ಲದವನೇ ಬೇಕು ಎಂದು ಚಾಂದಸಾಬನನ್ನು ಇಟ್ಟುಕೊಂಡರು. ಎದೆಗೆ ಅಡ್ಡಪಟ್ಟಿ, ಅದಕ್ಕೊಂದು ಹಿತ್ತಾಳೆಯ ಬಿಲ್ಲೆ ಕೊಟ್ಟರು.

ಅಂದಿನಿಂದ ಮಲೀಕಸಾಬನ ಕೋಣ ಹೊಳೆಯಿಂದ ಬಜಾರಕ್ಕೆ ಹೋಗುವ ಹಾದಿ ಬದಲಾಯಿತು. ಪಂಪಿನ ಮುಂದಿನಿಂದಲೇ ಹೋಗಬೇಕಾದ ಕಾರಣ ಏನೂ ಇರಲಿಲ್ಲ. ಆದರೂ ಅಲ್ಲಿಂದಲೇ ಹೋಗುತ್ತಿದ್ದ, ನೋಡುತ್ತಿದ್ದ, ನೋಡಿದ್ದನ್ನು ಮನೆಗೆ ತಂದು ಹೆಂಡತಿ ರಂಜಾನಬಿಯ ಮುಂದೆ ಸುರಿಯುತ್ತಿದ್ದ.

“ಗುರುಲಿಂಗವ್ವ ಅವಗ ‘ಚಾಂದಸಾಬ್ರ’ ಅಂತಾಳ. ನನಗ ಇಷ್ಟು ವರ್ಷದಾಗ ‘ಏ, ಹಿತ್ತಲಕ ಬಾ’ ಅಂದಾಕಿ!”

“ಅನ್ನಲಿ ಬಿಡ್ರಿ. ಅವ ನಮ್ಮಾವಲ್ಲೇನು?”

“ನಮ್ಮಾವ ಅಂತನ ಹೊಟ್ಟಿ ಉರಿಯೂದು. ಬ್ಯಾರೆಯವ ಆಗಿದ್ರ ನನಗ್ಯಾಕ ಬೇಕಿತ್ತು?”

ಗುರುಲಿಂಗವ್ವ ಪೇಟೆಯ ತುಪ್ಪದ ವ್ಯಾಪಾರದ ಮನೆಯ ಹಿರಿಯಳು. ಅವಳು ಕೊಡ ಇಟ್ಟರೆ ಓಣಿಯೇ ಕೊಡ ಇಟ್ಟಂತೆ. ಚಾಂದಸಾಬ ಅವಳ ಕೊಡ ತುಂಬಿಸಿ, ಮೊಮ್ಮಗಳ ಜ್ವರ ಕೇಳಿ, ಒಂದು ಮಾತಾಡಿ ನಗಿಸಿ ಕಳಿಸುತ್ತಿದ್ದ. ಹಾಗೆ ನಗಿಸುವುದು ಮಲೀಕಸಾಬನಿಗೆ ಬರುತ್ತಿರಲಿಲ್ಲ. ಬರಬೇಕೆಂದೂ ಅವನಿಗೆ ಮೊದಲು ಅನ್ನಿಸಿರಲಿಲ್ಲ.

ಬೇಸಿಗೆ ಏರುತ್ತಿದ್ದಾಗ ಒಂದು ಮಧ್ಯಾಹ್ನ ಚಾಂದಸಾಬ ಅವನ ಮನೆಗೆ ಬಂದ. ಬಗಲಲ್ಲಿ ಬಟ್ಟೆಯ ಗಂಟು. ಬಿಚ್ಚಿದರೆ ಒಳಗೆ ತೊಗಲಿನ ಒಂದು ಬಟ್ಟಲು, ಅಂಚು ಸವೆದು ಹರಿದದ್ದು.

“ಇಂಥಾದು ಒಂದು ಮಾಡಿಕೊಡು ಭಾಯಿ. ಮುಂಬೈದಿಂದ ಹೊಸಾದು ಬರಾಕ ಇನ್ನೂ ದಿನಾ ಹಿಡಿತಾವ. ಪಂಪ ನೀರ ಎತ್ತವಲ್ದು.”

ಮಲೀಕಸಾಬ ಅದನ್ನು ತಿರುಗಿಸಿ ನೋಡಿದ. “ಇದು ಪಂಪಿನ ಒಳಗ ಇರತೈತೇನು?”

“ಮೆಲ್ಲಕ ಭಾಯಿ.”

“ಗುರುಲಿಂಗವ್ವ ಕುಡಿಯೋ ನೀರಾಗ?”

“ಎಲ್ಲಾರೂ ಕುಡಿಯೋ ನೀರಾಗ. ಸಾಹೇಬ್ರು ಬಾಯಿ ಬಿಡಬ್ಯಾಡ ಅಂದಾರ. ಪಂಪ ಯಾವದರ ಇರ್ಲಿ, ತೊಗಲಿಲ್ಲಂದ್ರ ನಡಿಯಂಗಿಲ್ಲಂತ.”

ಅದು ನಿಜ. ಪಂಪಿನ ಕೊಳವೆಯೊಳಗೆ ಒಂದು ಸರಳು ಮೇಲೆ ಕೆಳಗೆ ಆಡುತ್ತದೆ. ಸರಳಿನ ತುದಿಗೆ ಈ ಬಟ್ಟಲು. ತೊಗಲು ನೀರು ಕುಡಿದು ಹಿಗ್ಗಿ ಕೊಳವೆಗೆ ಅಂಟಿಕೊಂಡರೆ ಮಾತ್ರ ನೀರು ಮೇಲೇರುತ್ತದೆ. ಆಗಿನ ಪಂಪುಗಳೆಲ್ಲ ಹೀಗೇ ಇದ್ದವು. ಮಲೀಕಸಾಬನಿಗೆ ಈ ವಿವರ ಬೇಕಿರಲಿಲ್ಲ. ಅವನ ತಲೆಯಲ್ಲಿ ಒಂದೇ ಮಾತು ಸುತ್ತಿತು: ತನ್ನ ಕೋಣದ ಮೇಲಿದ್ದರೆ ಮೈಲಿಗೆಯಾಗುವ ತೊಗಲು ಚಾಂದಸಾಬನ ಕಬ್ಬಿಣದೊಳಗೆ ಹೋದರೆ ಮಡಿ.

“ನಾಳಿಗೆ ಒಯ್ಯಿ” ಎಂದ.

ಮನೆಯಲ್ಲಿ ಎರಡು ತೊಗಲುಗಳಿದ್ದವು. ಒಂದು, ಹೊಳೆಯ ನೀರಿನಲ್ಲಿ ವರ್ಷಗಟ್ಟಲೆ ನೆನೆದು ಹಣ್ಣಾದ ಹಳೆಯ ಪಖಾಲಿಯದು. ಇನ್ನೊಂದು ಆಗಷ್ಟೇ ಜಾಲಿ ತೊಗಟೆಯಲ್ಲಿ ಹದಮಾಡಿಸಿ ತಂದದ್ದು. ಹೊಸ ತೊಗಲಿನ ನೀರನ್ನು ಯಾರಿಗೂ ಕುಡಿಸಬಾರದು ಎಂಬುದು ಪಖಾಲಿಯವರ ಕಟ್ಟುನಿಟ್ಟಿನ ರೀತಿ. ಅದನ್ನು ದಿನವೂ ನೆನೆಸಿ, ನೀರು ಚೆಲ್ಲಿ, ತೊಗಟೆಯ ಕೆಂಪು ಬಿಟ್ಟು ನೀರು ತಿಳಿಯಾಗುವತನಕ ಕಾಯಬೇಕು. ಇಲ್ಲದಿದ್ದರೆ ನೀರು ಒಗರಾಗಿ ನಾಲಿಗೆ ಹಿಡಿಯುತ್ತದೆ.

ಮಲೀಕಸಾಬ ಹೊಸದನ್ನೇ ಎತ್ತಿಕೊಂಡ. ಅವನ ಲೆಕ್ಕ ಸಣ್ಣದಿತ್ತು. ನೀರು ಒಂದು ಮುಂಜಾನೆ ಕೆಂಪಗೆ ಬರಲಿ, ಗುರುಲಿಂಗವ್ವ ಒಮ್ಮೆ ಥೂ ಎಂದು ಉಗುಳಲಿ, ಚಾಂದಸಾಬನ ಮುಖ ಒಮ್ಮೆ ಇಳಿಯಲಿ. ಅಷ್ಟಾದರೆ ಸಾಕಿತ್ತು.

ರಂಜಾನಬಿ ಒಲೆಯ ಮುಂದಿನಿಂದಲೇ ಕಂಡಳು. “ಹೊಸಾದು ಯಾಕ ಕತ್ತರಸಾಕತ್ತೀರಿ? ಅದನ್ನ ಇನ್ನೂ ನೆನಸಿಲ್ಲಲ್ಲ?”

“ಪಂಪಿನಾಗ ನೆನಿತೈತಿ ಬಿಡು.”

ಅವಳು ಗಂಡನ ಮುಖವನ್ನೇ ನೋಡಿದಳು. ಒಲೆಗೆ ಮತ್ತೊಂದು ಕಟ್ಟಿಗೆ ತಳ್ಳಿದಳು.

ಮರುದಿನ ಸಂಜೆ ಚಾಂದಸಾಬ ಬಟ್ಟಲು ಕೂರಿಸಿ ಪಂಪಿಗೆ ಬೀಗ ಹಾಕಿದ. ಬೆಳಗಾದ ಮೇಲೆ ಮೊದಲ ಕೊಡಕ್ಕೆ ನೀರು ಹೊಡೆದಾಗ ಬಂದದ್ದು ಕೆಂಪು ನೀರಲ್ಲ, ಕಡುಗಪ್ಪು ನೀರು. ಮಸಿಯಂಥ ನೀರು. ಹಾಗಾದದ್ದಕ್ಕೆ ಕಾರಣ ಸರಳ: ತೊಗಟೆಯ ಒಗರು ಕಬ್ಬಿಣದ ತುಕ್ಕಿಗೆ ಕೂಡಿದರೆ ಕಪ್ಪಾಗುತ್ತದೆ. ಅಳಲೆಕಾಯಿಯ ರಸಕ್ಕೆ ತುಕ್ಕುಮೊಳೆ ಹಾಕಿ ಕುಲಕರ್ಣಿಯವರು ಮಸಿ ಮಾಡುತ್ತಿದ್ದದ್ದೂ ಇದೇ ಬಗೆಯಲ್ಲಿ. ಆದರೆ ತೊಗಲಿನ ಚೀಲದಲ್ಲಿ ಕಬ್ಬಿಣ ಇರುವುದಿಲ್ಲವಲ್ಲ. ಹುಟ್ಟಾ ಪಖಾಲಿಯವನಾದ ಮಲೀಕಸಾಬನಿಗೆ ಕೆಂಪು ಗೊತ್ತಿತ್ತು, ಕಪ್ಪು ಗೊತ್ತಿರಲಿಲ್ಲ.

“ವಿಷಾ ಹಾಕ್ಯಾರ!” ಎಂದು ಯಾರೋ ಕೂಗಿದರು. ವಾಂತಿಭೇದಿಯ ವರ್ಷ ಸರಕಾರದವರು ಬಾವಿಗಳಿಗೆ ಔಷಧ ಹಾಕಿ ನೀರು ನೇರಳೆಯಾದದ್ದನ್ನು ಜನ ಮರೆತಿರಲಿಲ್ಲ. ಕೊಡಗಳು ಉರುಳಿದವು. ಓವರ್ಸಿಯರ್ ಸಾಹೇಬರು ವಿಜಾಪುರಕ್ಕೆ ಹೋಗಿದ್ದರು. ಮಧ್ಯಾಹ್ನದ ರೈಲಿಗೆ ಬರುವವರಿದ್ದರು. ಅಲ್ಲಿಯತನಕ ಪೊಲೀಸ್ ಪಾಟೀಲರು ಚಾಂದಸಾಬನ ಅಡ್ಡಪಟ್ಟಿ ಬಿಚ್ಚಿಸಿ ಚಾವಡಿಯಲ್ಲಿ ಕೂರಿಸಿದರು. ವಿಷವೆಂದು ತೀರ್ಮಾನವಾದರೆ ನೌಕರಿಯ ಮಾತಿರಲಿ, ಅವನು ಜೇಲಿಗೆ ಹೋಗುವುದೂ ಖಚಿತವಿತ್ತು.

ಇದೆಲ್ಲ ತಿಳಿಯುವ ಮೊದಲೇ ಮಲೀಕಸಾಬನನ್ನು ಗುರುಲಿಂಗವ್ವ ಕರೆಸಿದ್ದಳು. ಈ ಸಲ ಮುಂಬಾಗಿಲಿಗೆ. ಹೊಸ್ತಿಲ ಹೊರಗೆ ತಾಮ್ರದ ಕೊಡ, ಅದರ ಬಾಯಿಗೆ ಬಿಳಿಯ ಅರಿವೆ ಕಟ್ಟಿತ್ತು.

“ಸೊಸಿ ಬಾಣಂತಿ ಅದಾಳ. ಹೊಳಿತನಕ ನನ್ನ ಕಾಲ ಬರಂಗಿಲ್ಲ. ಹಾಕು ಮಲೀಕಸಾಬ, ಕಾಸಿ ಕುಡಿತೇವಿ. ಶಿವ ನೋಡಿಕೊಳ್ಳಲಿ.”

ಅವನು ಪಖಾಲಿಯ ಬಾಯಿ ಸಡಿಲಿಸಿದ. ಇಷ್ಟು ವರ್ಷ ಬಯಸದೇ ಇದ್ದು, ಈಚೆಗೆ ಹಗಲೂ ರಾತ್ರಿ ಬಯಸಿದ ಗಳಿಗೆ ಇದು. ಕೊಡ ತುಂಬುತ್ತಿದ್ದಾಗ ಗುರುಲಿಂಗವ್ವ ನಿಟ್ಟುಸಿರು ಬಿಟ್ಟಳು.

“ಚಾಂದಸಾಬ್ರನ್ನ ಚಾವಡ್ಯಾಗ ಕೂಡಿಸ್ಯಾರಂತ. ಅವ್ರು ಹಿಂಗ ಮಾಡ್ತಾರಂದ್ರ ನಂಬಾಕ ಮನಸ ಬರವಲ್ದು. ಎಂಥಾ ಛಲೋ ಮನಶ್ಯಾ! ನನ್ನ ಮೊಮ್ಮಗಳ ಹೆಸರು ಹಿಡಿದು ಕೇಳಾವ್ರು.”

ತನ್ನ ನೀರು ಅವಳ ಮನೆಯ ಕೊಡಕ್ಕೆ ಬೀಳುತ್ತಿತ್ತು. ಅವಳ ಬಾಯಲ್ಲಿ ಚಾಂದಸಾಬನಿದ್ದ. ಮಲೀಕಸಾಬ ಚೀಲದ ಬಾಯಿ ಬಿಗಿದು, ಉಳಿದ ಮನೆಗಳ ಕೂಗಿಗೆ ಓಗೊಡದೆ ಚಾವಡಿಗೆ ನಡೆದ.

ಚಾವಡಿಯ ಕಟ್ಟೆಯ ಕೆಳಗೆ ಚಾಂದಸಾಬನ ಹೆಂಡತಿ ಲಾಡಬಿ ಸೆರಗು ಬಾಯಿಗಿಟ್ಟುಕೊಂಡು ಕೂತಿದ್ದಳು. ಒಳಗೆ ಪಾಟೀಲರು ಅದೇ ಪ್ರಶ್ನೆ ಕೇಳುತ್ತಿದ್ದರು, ಚಾಂದಸಾಬ ಅದೇ ಉತ್ತರ ಕೊಡುತ್ತಿದ್ದ: “ನಾ ಏನೂ ಹಾಕಿಲ್ಲರಿ.” ಪಾಟೀಲರು ನೀರು ಕುಡಿಯಲು ಎದ್ದಾಗ ಮಲೀಕಸಾಬ ಅವನ ಪಕ್ಕ ಕೂತ.

“ತೊಗಲಿನ ಮಾತು ಯಾಕ ಹೇಳವಲ್ಲಿ?”

“ತೊಗಲ ಅಂದ್ರ ಪಂಪ ಹೋತು. ಯಾರು ಕೊಟ್ರು ಅಂತ ಕೇಳಿದ್ರ ನೀ ಹೋದಿ. ಸಾಹೇಬ್ರು ಬರ್ಲಿ, ಏನರ ಮಾಡ್ತಾರ.”

“ನಾ ನೆನಸಲಾರದ್ದು ಕೊಟ್ಟೇನಿ ಅಂತ ಗೊತ್ತಾತೇನು?”

“ಇವತ್ತ ನೀರ ನೋಡಿದ ಮ್ಯಾಲ ಗೊತ್ತಾತು. ನೀ ಕೊಟ್ಟಿದ್ದು ಅಂತ ನಾ ಮೂಸೂ ನೋಡ್ಲಿಲ್ಲ. ಅವಸರದಾಗ ಕೈ ತಪ್ಪಿರಬೇಕು ನಿಂದು. ಹೋಗಲಿ ಬಿಡು ಭಾಯಿ.”

ಇಲ್ಲಿ ಮಲೀಕಸಾಬನಿಗೆ ಪಶ್ಚಾತ್ತಾಪವಾಯಿತು ಎಂದು ಬರೆಯುವುದು ಸುಲಭ. ಅವನೇ ಮುಂದೆ ಹೇಳಿಕೊಂಡ ಪ್ರಕಾರ ಆದದ್ದು ಬೇರೆ. ಪಂಪು ಈ ಚಾಂದಸಾಬನದು, ಬಿಲ್ಲೆ ಇವನದು, ಗುರುಲಿಂಗವ್ವನ ಮರುಕ ಇವನದು. ಇನ್ನು ಬಾಯಿಮುಚ್ಚಿ ಜೇಲಿಗೆ ಹೋಗುವ ದೊಡ್ಡತನವೂ ಇವನ ಪಾಲಿಗೇ ಹೋಗಬೇಕೇ? ಅದನ್ನು ಮಾತ್ರ ಬಿಟ್ಟುಕೊಡಲು ಅವನಿಂದ ಆಗಲಿಲ್ಲ. ಎದ್ದು ನಿಂತು ಚಾವಡಿಯಲ್ಲಿದ್ದವರಿಗೆಲ್ಲ ಕೇಳಿಸುವಂತೆ ಕೂಗಿದ:

“ಪಂಪಿನಾಗ ತೊಗಲೈತ್ರಿ! ನನ್ನ ಮನಿ ತೊಗಲು. ವಿಷಾ ಅಲ್ಲ, ಜಾಲಿ ತೊಗಟಿ ಒಗರು. ಬೇಕಂತನ ಹೊಸಾದು ಕೊಟ್ಟೇನಿ.”

ಪಾಟೀಲರು ತಂಬಿಗೆ ಕೆಳಗಿಟ್ಟರು. ನೆರೆದವರು ಒಬ್ಬರ ಮುಖ ಒಬ್ಬರು ನೋಡಿದರು. ಹಿರಿಯರೊಬ್ಬರು ತಲೆದೂಗಿದರು.

“ನೋಡ್ರಿ, ಷಡ್ಡಕನ ಮ್ಯಾಲ ಎಷ್ಟು ಜೀವ! ಅವನ್ನ ಉಳಸಾಕ ತನ್ನ ಮೈಮ್ಯಾಲ ಹಾಕ್ಕೊಳ್ಳಾಕತ್ತಾನ.”

“ಜೀವ ಅಲ್ರಿ, ಹೊಟ್ಟಿಕಿಚ್ಚು!” ಮಲೀಕಸಾಬ ಅರಚಿದ. “ಹೊಟ್ಟಿಕಿಚ್ಚು ಅಂದ್ರ ತಿಳಿಯಂಗಿಲ್ಲೇನ್ರಿ ನಿಮಗ?”

“ಪಾಪ, ಮನಶ್ಯಾ ದೊಡ್ಡಾವ” ಎಂದರು ಅದೇ ಹಿರಿಯರು.

ಅವನು ಅಲ್ಲಿಂದ ನೇರ ಪಂಪಿಗೆ ನಡೆದ. ಚಾಂದಸಾಬನನ್ನು ಕರೆದುಕೊಂಡು ಪಾಟೀಲರೂ ಜನರೂ ಹಿಂದೆ ಬಂದರು. ಒಂದು ಬೊಗಸೆ ಕಪ್ಪು ನೀರು ಹಿಡಿದು ಎಲ್ಲರ ಮುಂದೆ ಕುಡಿದ. ಒಗರಿಗೆ ಅವನ ಮುಖ ಹಿಂಡಿದಂತಾಯಿತು; ಮತ್ತೊಂದು ಬೊಗಸೆ ಕುಡಿದ. ಚಾಂದಸಾಬನಿಂದ ಪಂಪು ಬಿಚ್ಚಿಸಿ, ಸರಳು ಎಳೆದು, ಬಟ್ಟಲನ್ನು ಹೊರತೆಗೆದು ಎತ್ತಿ ಹಿಡಿದ. ಎಮ್ಮೆಯ ತೊಗಲು ಯಾರಿಗೂ ಗುರುತು ಹೇಳಿಕೊಡಬೇಕಾದದ್ದಲ್ಲ. ಹೆಂಗಸರು ಸೆರಗು ಹಿಂದಕ್ಕೆ ಎಳೆದುಕೊಂಡು ಸರಿದರು. ಮಧ್ಯಾಹ್ನ ಬಂದ ಓವರ್ಸಿಯರ್ ಸಾಹೇಬರಿಗೆ ಒಪ್ಪಿಕೊಳ್ಳದೆ ದಾರಿಯಿರಲಿಲ್ಲ.

ಚಾಂದಸಾಬನಿಗೆ ಬಿಲ್ಲೆ ಮರಳಿ ಬಂತು. ಮಲೀಕಸಾಬನಿಂದ ಬಜಾರದ ನೀರು ಹೊಡೆಯುವ ಕೆಲಸವನ್ನು ತೆಗೆದುಕೊಂಡರು. ಪೇಟೆಯ ಮನೆಗಳು ಪಂಪನ್ನು ಬಿಟ್ಟು ಹೊಳೆಯ ಒರತೆಗಳಿಗೆ ನಡೆದವು. ಮುಂಬೈಯಿಂದ ತೊಗಲು ಬಂದರೂ ಚಾಂದಸಾಬ ಕೊಡಗಳಿಲ್ಲದ ಕಲ್ಲುಹಾಸಿನ ಮೇಲೆ ಒಬ್ಬನೇ ನಿಂತಿರುತ್ತಿದ್ದ. ಅದನ್ನು ಕಂಡು ಮಲೀಕಸಾಬನಿಗೆ ಸಂತೋಷವಾಗಲಿಲ್ಲ ಎಂದರೆ ಪೂರ್ತಿ ಖರೆಯಾಗದು, ಮೊದಮೊದಲು ಆಯಿತು. ಆಮೇಲೆ ಅವನು ಪಂಪಿನ ಮುಂದಿನ ಹಾದಿ ಬಿಟ್ಟು ಬೇರೆ ಹಾದಿಯಿಂದ ಹೋಗತೊಡಗಿದ.

ಬಿಸಿಲು ಜೋರಾಗಿ ಒರತೆಗಳೂ ಬತ್ತಿದಾಗ ಗುರುಲಿಂಗವ್ವನೇ ಮೊದಲು ಪಂಪಿಗೆ ಬಂದು ಕೊಡ ಇಟ್ಟಳಂತೆ.

“ಹೊಳ್ಯಾಗ ನೀರಿದ್ದಾಗ ಊರ ಎಮ್ಮಿಯೆಲ್ಲಾ ಈಸತಾವ. ಜೀವಂತ ಇದ್ದಾಗ ನಡದದ್ದು, ಸತ್ತ ಮ್ಯಾಲ ನಡಿಯಂಗಿಲ್ಲೇನು? ಹೊಡೀರಿ ಚಾಂದಸಾಬ್ರ.”

ತುಂಬಿದ ಕೊಡಕ್ಕೆ ಒಂದು ಚಿಟಿಕೆ ವಿಭೂತಿ ಹಾಕಿ ಒಯ್ದಳು. ಅವಳ ಹಿಂದೆ ಓಣಿಯೂ ಬಂತು, ಪ್ರತಿಯೊಬ್ಬಳ ಸೆರಗಿನ ಗಂಟಿನಲ್ಲಿ ವಿಭೂತಿ.

ಮಲೀಕಸಾಬ ಬದುಕಿದ್ದಷ್ಟು ಕಾಲ ಆ ಪಂಪಿಗೆ, ಆಮೇಲೆ ಬಾದಾಮಿ ಹುನಗುಂದಗಳಲ್ಲಿ ಕೂರಿಸಿದ ಪಂಪುಗಳಿಗೆ ತೊಗಲು ಕತ್ತರಿಸಿ ಕೊಟ್ಟವನು ಅವನೇ. ಅದು ಶುರುವಾದದ್ದು ಆ ಬೇಸಿಗೆಯ ಕೊನೆಗೆ. ಚಾಂದಸಾಬ ಮುಂಬೈಯ ಬಟ್ಟಲನ್ನು ಕೈಯಲ್ಲಿ ಹಿಡಿದು ಬಾಗಿಲಿಗೆ ಬಂದ.

“ಇದು ನೀರ ಜಾರಸ್ತೈತಿ ಭಾಯಿ. ಒಂದು ಮಾಡಿಕೊಡು.”

“ಮತ್ತ ನನ್ನ ಹತ್ರ ಬಂದೀ? ನಿನಗ ಏನ ಕಮ್ಮಿ ಆಗೈತಿ? ಪಂಪ ಐತಿ, ಬಿಲ್ಲಿ ಐತಿ, ‘ಚಾಂದಸಾಬ್ರ’ ಅನ್ನಾವ್ರು ಅದಾರ. ನೀನ ಕತ್ತರಿಸು.”

ಚಾಂದಸಾಬ ಹೊಸ್ತಿಲ ಮೇಲೆ ಕೂತ. “ನನಗ ಬಂದಿದ್ರ ಪಖಾಲಿ ಬಿಟ್ಟು ಪಂಪಿಗೆ ಯಾಕ ಹೋಗತಿದ್ನಿ? ನಾ ಹೊಲದದ್ದೆಲ್ಲಾ ಸೋರತಿತ್ತು. ಹೊಳಿಯಿಂದ ಹೊಂಟ್ರ ಬಜಾರಕ್ಕ ಬರೋದ್ರಾಗ ಅರ್ಧಾ ಚೀಲ. ನಿನ್ನ ಕೋಣ ನನ್ನ ಮುಂದ ಹೋಗತಿತ್ತು, ಒಂದು ಹನಿ ಬೀಳತಿರಲಿಲ್ಲ. ನಿನ್ನ ಹೊಲಿಗಿ ಕಂಡ್ರ ನನಗ ಹೊಟ್ಟಿ ಭಗ್ಗ ಅಂತಿತ್ತು ಭಾಯಿ. ನಿನ್ನ ಜೋಡಿ ಆ ಹಾದಿ ನಡೀಬಾರದಂತನ ಸಾಹೇಬ್ರ ಕಾಲ ಹಿಡದಿದ್ನಿ.”

ಮಲೀಕಸಾಬ ಒಳಗೆ ಹೋಗಿ ಹಳೆಯ ಪಖಾಲಿಯ ತೊಗಲನ್ನು ತಂದು, ಚಾಪೆಯ ಮೇಲೆ ಹಾಸಿ, ಆರಿ ಹುಡುಕಿದ. ಹುಡುಕುತ್ತಲೇ ಕೇಳಿದ:

“ಏನಂದಿ?”

“ಕೇಳಿಸ್ಲಿಲ್ಲೇನು?”

“ಕೇಳಿಸ್ತು. ಇನ್ನೊಮ್ಮೆ ಅನ್ನು.” ಒಳಗೆ ಮುಖ ಮಾಡಿ ಕೂಗಿದ: “ರಂಜಾನಬಿ, ಒಲಿ ಬಿಟ್ಟು ಹೊರಗ ಬಾ. ಇವ ಏನೋ ಹೇಳಾಕತ್ತಾನ, ನೀನೂ ಕೇಳು.”