ಕ್ಷಮಾವಣಿಯ ದಿನ ನಾನಾಡಿದ ಮಾತು

ದಶಲಕ್ಷಣ ಪರ್ವ ಮುಗಿದ ಮೇಲೆ ನಮ್ಮ ಜೈನರ ಮನೆಗಳಿಗೆ ಕ್ಷಮಾವಣಿ ಬರುತ್ತದೆ. ವರ್ಷವಿಡೀ ಯಾರ ಮನಸ್ಸು ನೋಯಿಸಿದ್ದೇವೋ ಅವರೆದುರು ಕೈಮುಗಿದು "ಉತ್ತಮ ಕ್ಷಮಾ" ಎನ್ನಬೇಕು. ಚಿಕ್ಕೋಡಿಯ ನಮ್ಮ ಓಣಿಯಲ್ಲಿ ಆ ದಿನ ಎಲ್ಲರಿಗಿಂತ ಹೆಚ್ಚು ಚಪ್ಪಲಿ ಸವೆಸುವವಳು ನಾನೇ. ಅಂಗನವಾಡಿಯಲ್ಲಿ ಮೂವತ್ತು ವರ್ಷ ಕೂಗಿ ಕೂಗಿ ಗಟ್ಟಿಯಾದ ಗಂಟಲು ನನ್ನದು. ಬಾಯಿ ಮೊದಲು ಓಡುತ್ತದೆ, ಬುದ್ಧಿ ಆಮೇಲೆ ಬರುತ್ತದೆ. ಹಾಲಿನವಳು, ಬಸ್ ಕಂಡಕ್ಟರ್, ನಾದಿನಿ, ಯಾರನ್ನೂ ಬಿಟ್ಟವಳಲ್ಲ.

ಎರಡು ವರ್ಷದ ಹಿಂದಿನ ಕ್ಷಮಾವಣಿಗೆ ಅಣ್ಣನ ಮಗಳು ನನ್ನ ಮನೆಯಲ್ಲಿದ್ದಳು. ಅವಳ ಊರು ಇಲ್ಲೇ ಕರೋಶಿ. ನರ್ಸ್ ಕೆಲಸಕ್ಕೆಂದು ಹೊರದೇಶಕ್ಕೆ ಹೋಗಿದ್ದಳು, ಅಲ್ಲಿ ಯುದ್ಧ ಹತ್ತಿಕೊಂಡಿತು. ಒಂದು ಮಧ್ಯಾಹ್ನ ಸೈನಿಕರು ಅವಳ ವಾರ್ಡಿಗೆ ನುಗ್ಗಿದರು. ಬಂದೂಕಿನ ಹಿಡಿಯಿಂದ ಹೊಡೆದು ಅವಳ ಭುಜ ಮುರಿದರು, ಗೋಡೆಗೆ ಒತ್ತಿ ನಿಲ್ಲಿಸಿದರು, ಅವಳ ಕಣ್ಣೆದುರೇ ಮಂಚದ ಮೇಲಿದ್ದ ಏಳು ಗಾಯಾಳುಗಳನ್ನು ಒಬ್ಬೊಬ್ಬರಾಗಿ ಕೊಂದರು. ಅಪ್ಪಣೆ ಕೊಟ್ಟ ಅಧಿಕಾರಿಯ ಮುಖ ನೋಡಿ, ಉಳಿದ ಸೈನಿಕರು ಅವನನ್ನು ಕರೆದ ಹೆಸರು ಕೇಳಿ, ಜೀವಂತ ಬಂದವಳು ಇವಳೊಬ್ಬಳೇ.

ಸತ್ತವರ ಮನೆಯವರ ಪರವಾಗಿ ಆ ಅಧಿಕಾರಿಯನ್ನು ಕೋರ್ಟಿಗೆ ತರಬೇಕೆಂದು ಕೆಲವು ವಕೀಲರು ಓಡಾಡುತ್ತಿದ್ದರು. ಅವರಲ್ಲೊಬ್ಬ ಹೆಣ್ಣುಮಗಳು ಪುಣೆ ಕಡೆಯವಳು. ಫೋನಿನಲ್ಲಿ, ನಮ್ಮ ಗಡಿಭಾಗದವರಿಗೆಲ್ಲ ಬರುವ ಮರಾಠಿಯಲ್ಲಿ, ಅವಳು ಮೊಟ್ಟಮೊದಲು ಹೇಳಿದ್ದು, ಹೇಳುವುದೂ ಬಿಡುವುದೂ ನಿನ್ನ ಇಷ್ಟ ಎಂದು. ಹೆಸರು ಹೊರಗೆ ಬರದಂತೆ ಕೋರ್ಟನ್ನು ಕೇಳಿಕೊಳ್ಳುತ್ತೇವೆ, ನಡುವೆ ಸಾಕು ಅಂದರೆ ಅಲ್ಲಿಗೇ ನಿಲ್ಲಿಸೋಣ, ಎಲ್ಲಿ ಕೂರಬೇಕು, ಪಕ್ಕದಲ್ಲಿ ಯಾರಿರಬೇಕು, ಅದನ್ನೂ ನೀನೇ ಹೇಳು. ಹುಡುಗಿ ನನ್ನ ಅಡುಗೆಮನೆಯನ್ನೂ ನನ್ನನ್ನೂ ಆರಿಸಿಕೊಂಡಳು. ನನಗೆ ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ.

ವಕೀಲೆ ಮನೆಗೆ ಬಂದ ಮೊದಲ ದಿನ, ಅರ್ಧ ಹೇಳುವಷ್ಟರಲ್ಲಿ ಹುಡುಗಿ ಮುರಿದಿದ್ದ ಭುಜ ಹಿಡಿದುಕೊಂಡು ಗೋಡೆಗೆ ಒರಗಿಬಿಟ್ಟಳು. ಇವತ್ತಿಗೆ ಸಾಕೆಂದು ಮರಾಠಿಯಲ್ಲೇ ಹೇಳಿದಳು. ವಕೀಲೆ ಅಲ್ಲಿಗೇ ನಿಲ್ಲಿಸಿದಳು. ಆದರೆ ಅವಳ ಆ ಸ್ಥಿತಿ ನನ್ನಿಂದ ನೋಡಲಾಗಲಿಲ್ಲ. ಎರಡೇ ದಿನಕ್ಕೆ ಕ್ಷಮಾವಣಿ. ಓಣಿಯೆಲ್ಲ ತಿರುಗಿ, ಎಲ್ಲರಿಗೂ ಕೈಮುಗಿದು, ಮೈಯೆಲ್ಲ ಪುಣ್ಯ ತುಂಬಿಕೊಂಡು ಮನೆಗೆ ಬಂದವಳೇ ಅವಳಿಗೆ ಹೇಳಿದೆ:

"ಕ್ಷಮಾ ಮಾಡಿಬಿಡವ್ವಾ ಅವರಿಗೆ. ಇವತ್ತು ದಿನಾ ಚಲೋ ಐತಿ. ಆ ಕೋರ್ಟೂ ಬ್ಯಾಡ, ಕಚೇರಿನೂ ಬ್ಯಾಡ. ಮನಸ್ಸು ಹಗರ ಆಗ್ತೈತಿ."

ಅವಳು ನನ್ನನ್ನೇ ನೋಡಿದಳು. "ಹೂಂ, ಅತ್ತಿ," ಎಂದು ಫೋನೆತ್ತಿಕೊಂಡು, ಇನ್ನು ಮುಂದೆ ಹೇಳುವುದಿಲ್ಲವೆಂದು ವಕೀಲೆಗೆ ಬರೆದಳು. ಅವಳ ಸಾಕ್ಷಿಯಿಲ್ಲದೆ ಆ ಅಧಿಕಾರಿಯನ್ನು ಹಿಡಿಯುವುದು ಕಷ್ಟವೆಂದು ನನಗೂ ಗೊತ್ತಿತ್ತು. ಗೊತ್ತಿದ್ದೂ ನಾನು ಸಮಾಧಾನದಿಂದ ಚಹಾ ಕುಡಿದೆ.

ಹಗುರವಾಗುವುದು ದೂರ ಉಳಿಯಿತು, ಹುಡುಗಿ ಬತ್ತಿಹೋದಳು. ಹೊತ್ತು ಮುಳುಗುವ ಮೊದಲು ಉಣ್ಣುವ ಮನೆ ನಮ್ಮದು. ತಾಟಿನ ಮುಂದೆ ಕೂತವಳು ಒಂದು ತುತ್ತು ಮುಟ್ಟುವಷ್ಟರಲ್ಲಿ ಕತ್ತಲಾಗುತ್ತಿತ್ತು, ಹಾಗೇ ಎದ್ದುಬಿಡುತ್ತಿದ್ದಳು. ನನಗೆ ಸಿಟ್ಟು ಬಂತು, ನನ್ನ ಮೇಲೆ ಬರಬೇಕಾದದ್ದು ಅವಳ ಮೇಲೆ ಬಂತು. ಮೂರು ವಾರದ ಮೇಲೆ ಒಂದು ಮುಂಜಾನೆ, ಅವಳು ರೊಟ್ಟಿ ಬಡಿಯುತ್ತಿದ್ದಾಗ, ತಡೆಯಲಾಗದೆ ಕೂಗಿದೆ.

"ಕ್ಷಮಾ ಮಾಡೀನಿ ಅಂದಿ, ಮತ್ತ್ಯಾಕ ಹಿಂಗ ಸಾಯಾಕತ್ತೀ ಬೇ?"

ಅವಳು ಕೂಗಲಿಲ್ಲ. ಹಿಟ್ಟಿನ ಕೈಯಲ್ಲೇ ಒಲೆಯ ಮುಂದೆ ಕೂತು ಹೇಳಿದಳು.

"ನನ್ನ ಭುಜಾ ಮುರದ್ರಲ್ಲಾ, ಅದನ್ನ ಬೇಕಾದ್ರ ಬಿಡತೇನಿ ಅತ್ತಿ. ಆದ್ರ ಮೂರನೇ ಮಂಚದಾಗ ಒಬ್ಬ ಅಜ್ಜ ಇದ್ದ. ಐದನೇದರಾಗ ಹತ್ತೊಂಬತ್ತು ವರ್ಷದ ಹುಡುಗಿ, ಮದವಿ ಗೊತ್ತಾಗಿತ್ತು. ಅವರದು ನಾ ಹ್ಯಾಂಗ ಬಿಡ್ಲಿ? 'ನಮ್ಮ ಪರವಾಗಿ ನೀನ ಕ್ಷಮಾ ಮಾಡು' ಅಂತ ಅವರು ನನಗ ಹೇಳಿ ಹೋಗ್ಯಾರೇನು? ಮತ್ತ ಆ ಮನಶ್ಯಾ ಬಂದು ಕ್ಷಮಾ ಕೇಳ್ಯಾನೇನು?"

ಅಯ್ಯೋ ಜಿನೇಂದ್ರಾ! ಅರವತ್ತೆರಡು ವರ್ಷ ಕ್ಷಮಾವಣಿ ಮಾಡಿದವಳಿಗೆ ಇಷ್ಟು ಹೊಳೆದಿರಲಿಲ್ಲ. ಅವಳ ಸಂಕಟ ನೋಡಲಾರದ ನನ್ನ ಸುಖಕ್ಕಾಗಿ ಅವಳ ಬಾಯಿ ಮುಚ್ಚಿಸಿದ್ದೆ, ಅದಕ್ಕೆ ಧರ್ಮದ ಹೆಸರು ಬೇರೆ ಕೊಟ್ಟಿದ್ದೆ. ಅಲ್ಲೇ ನೆಲದ ಮೇಲೆ ಕೂತು ಕೈಮುಗಿದೆ.

"ನನ್ನಿಂದ ತಪ್ಪಾತು ತಂಗಿ. ಕ್ಷಮಾ ಮಾಡು."

"ಈಗ ಬ್ಯಾಡ ಅತ್ತಿ," ಎಂದಳು, ನನ್ನ ಕೈ ಬಿಡಿಸುತ್ತಾ. ನನ್ನ ಬೆರಳಿಗೆಲ್ಲ ಹಿಟ್ಟು ಹತ್ತಿತು. "ಮೊದಲ ಎಲ್ಲಾ ಹೇಳಿ ಮುಗಸ್ತೇನಿ. ಆಮ್ಯಾಲ ನೋಡೂಣು." ಹಾಗೆಂದು ಸ್ವಲ್ಪ ನಕ್ಕಳು. ಆ ನಗು ನೋಡಿ ನನಗೆ ಅಳು ಬಂತು, ಗೊಳೋ ಎಂದು ಅತ್ತೆ. ತವೆಯ ಮೇಲಿನ ರೊಟ್ಟಿ ಕರಕಾಯಿತು.

ಅವಳೇ ಫೋನ್ ಮಾಡಿ ವಕೀಲೆಯನ್ನು ಕರೆಸಿದಳು, ನಾಲ್ಕು ದಿನದ ಮೇಲೆ ಮತ್ತೆ ಅಡುಗೆಮನೆಯಲ್ಲಿ ಚಾಪೆ ಹಾಸಿದೆವು. ನಾನು ಬಾಯಿಗೆ ಸೆರಗು ಒತ್ತಿಕೊಂಡು ಕೂತೆ, ನನ್ನ ಬಾಯಿಯ ಭರವಸೆ ನನಗೇ ಇಲ್ಲ. ಹುಡುಗಿ ಮರಾಠಿಯಲ್ಲಿ ಒಂದೊಂದಾಗಿ ಹೇಳುತ್ತಾ ಹೋದಳು: ಬಾಗಿಲು, ಬೂಟು, ಅಧಿಕಾರಿಯ ಮುಖ, ಅವನ ಹೆಸರು. ನಡುವೆ ಎರಡು ಸಲ ಮಾತು ತಡೆದು ಭುಜ ಒತ್ತಿಕೊಂಡಳು. ನಿಲ್ಲಿಸೋಣವೇ ಎಂದು ವಕೀಲೆ ಕೇಳಿದಳು. ಬೇಡ ಎಂದು ತಲೆಯಾಡಿಸಿ, ನನ್ನ ಕೈ ಹುಡುಕಿ ಹಿಡಿದುಕೊಂಡಳು.

ಎಲ್ಲ ಮುಗಿದ ಮೇಲೆ, ಈ ಪ್ರಕರಣದಿಂದ ನಿನಗೆ ಏನಾಗಬೇಕು ಎಂದು ವಕೀಲೆ ಕೇಳಿದಳು. ಅವನಿಗೆ ಶಿಕ್ಷೆಯಾಗಲಿ ಅನ್ನುತ್ತಾಳೆಂದು ನಾನು ಕಾದೆ. ಅದನ್ನೂ ಅಂದಳು. ಆಮೇಲೆ ಅವಳಿಗೆ ಮರಾಠಿ ಸಾಲದಾಯಿತು, ನಮ್ಮ ಮಾತಿಗೇ ಬಂದಳು. ಪುಣೆಯವಳಿಗೆ ಕನ್ನಡ ಬಾರದು. ನಾನೇ ಮರಾಠಿಗೆ ತಿರುಗಿಸಿ ಹೇಳಿದೆ. ನನ್ನದೊಂದು ಮಾತನ್ನೂ ಸೇರಿಸಲಿಲ್ಲ.

"ಆ ಅಜ್ಜಗ ಒಬ್ಬಾಕಿ ಮಗಳು ಅದಾಳ. ಆಕಿಗೆ ತಿಳಸ್ರಿ. ಆ ಸೈನಿಕರು ಬರೂಕಿಂತ ಮೊದಲ ಅಜ್ಜ ನೀರು ಕೇಳಿದ್ದ. ನಾ ಕೊಟ್ಟಿದ್ದೆ. ಹೊಟ್ಟಿ ತುಂಬ ಕುಡದಿದ್ದ."