ಕಾಣದ ಸಿಂಹದ ಪರವಾಗಿ

ದೂರದಿಂದ ಬಂದವರನ್ನು ನಮ್ಮ ಇಂಡಿ ಪಟ್ಟಣದಲ್ಲಿ ಯಾರೂ ಹೇಗಿತ್ತೆಂದು ಕೇಳುವುದಿಲ್ಲ; ಏನು ನೋಡಿದಿರೆಂದೇ ಕೇಳುತ್ತಾರೆ. ಚರ್ಚಾಸ್ಪರ್ಧೆಗೆಂದು ನೈರೋಬಿಗೆ ಹೋಗಿ, ಮೊದಲ ಸುತ್ತಿನಲ್ಲೇ ಸೋತು, ಹಾಗೆ ದೊರೆತ ವಿಪುಲ ವಿರಾಮದಲ್ಲಿ ಆ ರಾಜಧಾನಿಯ ಮಗ್ಗುಲಲ್ಲೇ ಇರುವ ವನ್ಯಧಾಮ ಸುತ್ತಿಬಂದ ನನಗೂ ಚೀಲ ಇಳಿಸುವ ಮೊದಲೇ ಈ ಪ್ರಶ್ನೆ ಎದುರಾಯಿತು. ಹಜ್‌ನಿಂದ ಬಂದವರನ್ನು ಕಾಣಲು ನೆರೆಯುವಂತೆ ಪಡಸಾಲೆಯಲ್ಲಿ ಜನ ನೆರೆದಿದ್ದರು. ಇವರಿಗೆ ಬೇಕಾದದ್ದು ಮಾತ್ರ ಜಮ್‌ಜಮ್ ನೀರಲ್ಲ, ಸಿಂಹ.

"ಸಿಂಹ ಕಾಣಲಿಲ್ಲ ಮಾಮಾ," ಎಂದೆ.

ಸೋದರಮಾವ ಚಹಾದ ಬಸಿ ಕೆಳಗಿಟ್ಟರು. "ಮತ್ತೇನು ಕಂಡಿ?"

ಕಂಡದ್ದನ್ನು ಹೇಳಿದೆ: ಬಹುಮಹಡಿ ಕಟ್ಟಡಗಳಿಗೆ ಸಡ್ಡು ಹೊಡೆದು ಕತ್ತು ಚಾಚಿದ್ದ ಜಿರಾಫೆ, ತಲೆಯ ಮೇಲೆ ವಿಮಾನ ಗುಡುಗಿದರೂ ಮೇವಿನಿಂದ ಮುಖವೆತ್ತದ ಜೀಬ್ರಾ, ಮತ್ತು ಎಲ್ಲಕ್ಕಿಂತ ಹತ್ತಿರದಲ್ಲಿ, ಮುಂಗಾಲು ಮಡಚಿ ಹುಲ್ಲು ಮೇಯುತ್ತಿದ್ದ ಕೋರೆಯ ಕಾಡುಹಂದಿ.

"ತೌಬಾ! ಹಂದಿ ನೋಡಾಕ ಆಫ್ರಿಕಾಕ್ಕ ಹೋಗಿದ್ದೇನವ್ವಾ? ನಮ್ಮ ಗಟಾರದಾಗ ಬೇಕಾದಷ್ಟು ಅದಾವಲ್ಲ!"

ನಗೆಯಲ್ಲಿ ನಾನೂ ಸೇರಿದೆ. ಆದರೆ ಮುಂದಿನ ಮಾತು ನಗೆಯದಾಗಿರಲಿಲ್ಲ. ತಂಗಿ ನೂರ್ ಪುಣೆಗೆ ಹೋಗಿ ಪ್ರಾಣಿಶಾಸ್ತ್ರ ಓದಬೇಕೆಂದು ಹಠ ಹಿಡಿದಿದ್ದಳು. ಮನೆಯ ಯಜಮಾನರಾದರೂ ನಮ್ಮ ಅಬ್ಬಾ ಎಂದೂ ಮಾವನ ಮಾತು ಮೀರಿದವರಲ್ಲ.

"ಒಬ್ಬಾಕಿ ಅಷ್ಟು ದೂರ ಹೋಗಿ ಹಂದಿ ನೋಡಿ ಬಂದ್ಲು," ಎಂದರು ಮಾವ. "ಇನ್ನೊಬ್ಬಾಕಿ ಮನ್ಯಾಗ ಇರ್ಲಿ."

ಅಮ್ಮಿ ನನ್ನನ್ನು ಅಡುಗೆಮನೆಗೆ ಎಳೆದೊಯ್ದಳು. "ಒಂದು ಸಿಂಹ ನೋಡೇನಿ ಅನ್ನು. ನಿನ್ನ ಗಂಟೇನು ಹೋಗ್ತೈತಿ? ಹುಡುಗಿ ಪುಣೆ ಸೇರ್ತಾಳ."

ವಾದ ಪ್ರತಿವಾದಗಳೆರಡನ್ನೂ ಅಷ್ಟೇ ಶ್ರದ್ಧೆಯಿಂದ ಮಂಡಿಸಿ ಅಂಕ ಗಿಟ್ಟಿಸಿದ ನಾಲಿಗೆ ನನ್ನದು. ಕೇಸರಕ್ಕಿಷ್ಟು ಗಾಳಿ, ಗರ್ಜನೆಗಿಷ್ಟು ಅನುಪ್ರಾಸ ಬೆರೆಸಿ ಸಿಂಹವೊಂದನ್ನು ಸೃಷ್ಟಿಸುವುದು ಅದಕ್ಕೇನು ಘನಕಾರ್ಯವೇ? ಆದರೆ ನೀವೇ ಹೇಳಿ: ಇಂದು ಸಿಂಹ ಕೊಟ್ಟು ಪುಣೆ ಕೊಂಡರೆ, ನಾಳೆ ನೂರ್ ಪ್ರತಿ ರಜೆಗೂ ಒಂದೊಂದು ಸಿಂಹ ಹೊತ್ತು ತರಬೇಕಾಗುವುದಿಲ್ಲವೇ? ಗೋವಾದಿಂದ ಮರಳಿದ ಗಂಡುಮಕ್ಕಳಿಗೆ ಸಮುದ್ರದ ಸಾಕ್ಷಿ ಕೇಳಿದವರನ್ನು ನಾನಂತೂ ಕಂಡಿಲ್ಲ. ಆ ವನ್ಯಧಾಮಕ್ಕೂ ನಗರದ ಕಡೆಗಷ್ಟೇ ಬೇಲಿ. ದಕ್ಷಿಣಕ್ಕೆ ಬಯಲು ತೆರೆದೇ ಇದೆ. ಅತ್ತ ಹೋಗಿ ಮರಳಿದ ಪ್ರಾಣಿಯನ್ನು ‘ಏನು ತಂದೆ?’ ಎಂದು ಕೇಳಿ ಯಾರೂ ತಡೆಯುವುದಿಲ್ಲ.

ಪಡಸಾಲೆಗೆ ಮರಳಿದೆ. "ಸಿಂಹ ಕಾಣಲಿಲ್ಲ ಮಾಮಾ. ನಾಳೆ ಕೇಳಿದ್ರೂ ಇಲ್ಲಂತೇನಿ. ಕಾಣಲಿಲ್ಲಂತ ನಾ ಹೋಗಿದ್ದು ತಪ್ಪಾಗಂಗಿಲ್ಲ. ನೂರ್ ಹೋಗೂದೂ ತಪ್ಪಲ್ಲ."

"ನಾಲಿಗಿ ಭಾಳ ಉದ್ದಾತು," ಎಂದು ಮಾವ ಎದ್ದರು. ಪ್ರತಿ ಸಲ ಅವರನ್ನು ಟೆಂಪೊ ಹತ್ತಿಸಿಯೇ ಬರುವ ಅಬ್ಬಾ, ಅಂದು ಕುಳಿತಲ್ಲಿಂದಲೇ ಸಲಾಂ ಹೇಳಿ, ಬಾಗಿಲಲ್ಲಿ ನಿಂತಿದ್ದ ನೂರ್ ಕಡೆ ತಿರುಗಿದರು.

"ಪುಣೆ ಹಾಸ್ಟೆಲಿನಾಗ ಊಟ ಹ್ಯಾಂಗಿರ್ತೈತಿ?"